ನೀಲಗಂಗಾಳ ನಾಲ್ಕನೆಯ ಮೊದಲ ವರ್ಷ

…ಬದಲಾಗದ ಸಂಸ್ಥೆ ಬದುಕುವುದಿಲ್ಲ ಎಂದೋ, ಬದುಕಿದ್ದರೂ ಲೆಕ್ಕಕ್ಕಿಲ್ಲ ಎಂದೋ ಅರವತ್ತೈದು ವರ್ಷದ ಹಿಂದೆ ನಿಮ್ಮ ಸಮಿತಿಯಲ್ಲಿ ಯಾರೋ ಹೇಳಿದ್ದರಂತೆ. ಮಾತು ನಮ್ಮವರೆಗೆ ಪೂರ್ತಿ ತಲುಪಿಲ್ಲ. ಅದರಿಂದ ಹುಟ್ಟಿದ ನಿಯಮ ತಲುಪಿದೆ.

ಇಂದು ಹದಿನಾಲ್ಕನೆಯ ಮಗುಚಿನ ಏಪ್ರಿಲ್ ಮೂವತ್ತೊಂದು. ಪದಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ವಿಶ್ವವಿದ್ಯಾಲಯ ಐದು ವರ್ಷಕ್ಕೊಮ್ಮೆ ತನ್ನ ವಿಭಾಗ, ಹುದ್ದೆ, ಗುರಿಗಳನ್ನೆಲ್ಲ ಹೊಸದಾಗಿ ಜೋಡಿಸಿಕೊಳ್ಳುವುದನ್ನು ನಾವು ಮಗುಚು ಎನ್ನುತ್ತೇವೆ. ಹಳೆಯ ಯೋಜನೆಗೂ ಹೊಸದಕ್ಕೂ ನಡುವೆ ಯಾವುದಕ್ಕೂ ಸೇರದ ಒಂದು ದಿನ ಬೇಕಾಯಿತು; ಏಪ್ರಿಲ್‌ಗೆ ಸೇರಿಸಿಕೊಂಡೆವು. ಈ ದಿನ ಬಾಗಿಲುಗಳ ಫಲಕಗಳು ಬದಲಾಗುತ್ತವೆ. ಕ್ಯಾಂಟೀನಿನಲ್ಲಿ ಉಪ್ಪಿಟ್ಟು ಪುಕ್ಕಟೆ. ಮುಗಿಯದ ಕೆಲಸಗಳೆಲ್ಲ, ಹಿಂದಿನ ಫಲಿತಾಂಶಗಳನ್ನು ಕಳಚಿಟ್ಟು, ಹೊಸ ಕೆಲಸಗಳೆಂದು ದಾಖಲಾಗುತ್ತವೆ. ಹೀಗಾಗಿ ನಮ್ಮಲ್ಲಿ ಯಾವ ಯೋಜನೆಯೂ ಸೋತಿಲ್ಲ. ನಿಮ್ಮ ಕಾಲದ ಯಾವ ವಿಶ್ವವಿದ್ಯಾಲಯವೂ ಇಷ್ಟು ಯಶಸ್ವಿಯಾಗಿದ್ದಿರಲಾರದು.

ನೀಲಗಂಗಾ ನನ್ನ ಸಂಶೋಧನಾ ವಿದ್ಯಾರ್ಥಿನಿ, ತಲೆ ನರೆತಿದೆ. ಕ್ಯಾಂಪಸ್ಸಿನ ಹಿಂದಿನ ಸವಳು ನೆಲಕ್ಕೆ ಸಿಹಿನೀರು ಹಾಯಿಸಿ, ಉಪ್ಪನ್ನು ಕೆಳಗಿಳಿಸಿ, ಅಲ್ಲಿ ಜೋಳ ಬೆಳೆಯಬಹುದೇ ಎಂದು ನೋಡುತ್ತಿದ್ದಾಳೆ. ಅದಕ್ಕೆ ಎಂಟು ವರ್ಷ ಎಡೆಬಿಡದೆ ನೀರು ಬೇಕು. ಪ್ರತಿ ಮಗುಚಿನಲ್ಲೂ ಹೊಸ ಮಂಜೂರಾತಿ ಬರುವವರೆಗೆ ನೀರು ನಿಲ್ಲುತ್ತದೆ; ಉಪ್ಪು ಮತ್ತೆ ಮೇಲೇರುತ್ತದೆ. ಎರಡು ಸಲ ಹಾಗಾಯಿತು. ಆ ನೆಲ ಮೊದಲು ಕೃಷಿ ವಿಭಾಗದಲ್ಲಿತ್ತು, ಆಮೇಲೆ ಉದ್ಯಮಶೀಲತೆಯಲ್ಲಿ. ಈಗ ನನ್ನ ಬಳಿ, ಅಂದರೆ ತತ್ವಶಾಸ್ತ್ರದಲ್ಲಿದೆ. ಏಕೆಂದು ನಾನು ವಿಚಾರಿಸಲಿಲ್ಲ.

ಪ್ರತಿ ಸಲವೂ ಅವಳು ಮೊದಲ ವರ್ಷದವಳು. ಕ್ಯಾಂಟೀನಿನ ಸಂಗಪ್ಪ ಕಾಡಿಸುತ್ತಿದ್ದ: "ಏನಕ್ಕಾ, ಈ ಸಲಾನೂ ಫಸ್ಟ್ ಇಯರ್ರಾ?"

"ಹೂಂನಪಾ, ನನಗ ವಯಸ್ಸಾಗವಲ್ದು," ಎಂದು ಅವಳು ನಗುತ್ತಿದ್ದಳು.

ಇಂದು ಬೆಳಿಗ್ಗೆ ಬಂದಳು. ನಾಲ್ಕನೆಯ ನೋಂದಣಿಗೆ ಸಹಿ ಕೇಳುತ್ತಾಳೆಂದು ಪೆನ್ನು ತೆಗೆದೆ. ಬೇಡವೆಂದಳು. ಜೋಳ ಮೊದಲ ಬಾರಿಗೆ ಗೇಣುದ್ದ ಎದ್ದಿದೆಯಂತೆ.

"ಮತ್ತ ಮೊದಲಿಂದ ನನ್ನ ಕೈಲೆ ಆಗೂದಿಲ್ರಿ ಸರ್. ಊರಿಗೆ ಹೊಂಟೀನಿ. ನಾಳೆ ಅದಕ್ಕ ನೀರು ಯಾರು ಬಿಡ್ತಾರ, ಅಷ್ಟ ಹೇಳ್ರಿ."

ನಾಳೆ ನಾನು ಯಾವ ವಿಭಾಗದಲ್ಲಿರುತ್ತೇನೋ ನನಗೇ ತಿಳಿಯದು ಎಂದೆ. ಅದು ನಿಜವೂ ಹೌದು. ಅವಳು ಕುರ್ಚಿಯನ್ನು ಮೇಜಿನಡಿಗೆ ಸರಿಸಿ ಹೋದಳು. ಸಂಜೆಗೆ ನೀರು ನಿಂತಿತು. ಹೊಸ ವರದಿಯಲ್ಲಿ ಅವಳ ಹೆಸರಿಲ್ಲ. ಅರ್ಧಕ್ಕೆ ಬಿಟ್ಟವರ ಅಂಕಣವೇ ನಮ್ಮಲ್ಲಿಲ್ಲ.

ಮೊದಲ ಮಗುಚಿಗೆ ಒಪ್ಪಿಗೆ ಕೊಟ್ಟು ನೀವು ಸಭೆಯಿಂದ ಎದ್ದ ದಿನ, ನಿಮ್ಮಲ್ಲೂ ಯಾರೋ ಏನನ್ನೋ ಅರ್ಧ ಮಾಡಿಟ್ಟು ಹೊರಗೆ ಕಾಯುತ್ತಿದ್ದಿರಬೇಕು. ಅವರ ಹೆಸರು ನಿಮಗೆ ನೆನಪಿದೆಯೇ?