ಕೊಡದ ಮೇಲಿನ ಹೆಸರು

ಧಾರವಾಡ
ತಾ. ೧೪ ಫೆಬ್ರುವರಿ ೧೯೩೪, ಬುಧವಾರ

ಚಿ. ಸೌ. ಮೃಣಾಲಿನಿಗೆ ನಿನ್ನ ಅವ್ವನ ಅನೇಕ ಆಶೀರ್ವಾದಗಳು.

‘ಇತ್ತ ಎಲ್ಲರೂ ಕ್ಷೇಮ’ ಎಂದು ಮೊದಲು ಬರೆದಿದ್ದೆ, ಹೊಡೆದುಹಾಕಿದ್ದೇನೆ. ಈ ಪತ್ರವನ್ನು ನಿನ್ನ ಅತ್ತೆಯವರ ಎದುರಿಗೆ ಒಡೆಯಬೇಡ. ಓದಿದ ಮೇಲೆ ಬಚ್ಚಲೊಲೆಗೆ ಹಾಕಿಬಿಡು. ಮುಖ್ಯ ಮಾತು ಮೊದಲೇ ಹೇಳುತ್ತೇನೆ: ಈ ಸಲ ಬಾಣಂತನಕ್ಕೆ ಇಲ್ಲಿಗೆ ಬರಬೇಡ. ಬೆಳಗಾವಿಯ ದವಾಖಾನೆಯಲ್ಲೇ ಹೆಸರು ಹಚ್ಚು. ಧಾರವಾಡದಲ್ಲಿ ಜ್ವರ ಎದ್ದಿದೆಯಂತೆ ಎಂದು ಅತ್ತೆಯವರಿಗೆ ಹೇಳು. ಜ್ವರವೇನೂ ಇಲ್ಲ, ನನಗೆ ಹೆದರಿಕೆಯಾಗಿದೆ.

ನಮ್ಮ ಓಣಿಯ ತಿರುವಿನಲ್ಲಿರುವ ಮುನಿಸಿಪಾಲ್ಟಿ ಬಾವಿ ನಿನಗೆ ಗೊತ್ತಲ್ಲ. ಅದು ಇನ್ನು ಎಲ್ಲ ಜಾತಿಯವರಿಗೂ ತೆರೆದದ್ದು ಎಂದು ಹೋದ ತಿಂಗಳು ಠರಾವಾಯಿತು. ಠರಾವಿನ ಒಕ್ಕಣೆ ನಿನ್ನ ಅಪ್ಪನದೇ. ಸಭೆಯಲ್ಲಿ ಇವರು ಅಸ್ಪೃಶ್ಯತೆಯ ಮೇಲೆ ಮಾತಾಡಿದಾಗ ಹೆಂಗಸರ ಸಾಲಿನಲ್ಲಿ ಕೂತ ನನಗೂ ಕಣ್ಣು ತುಂಬಿ ಬಂತು. ಮನೆಗೆ ಬಂದು ಹಿತ್ತಲಲ್ಲಿ ಸ್ನಾನ ಮಾಡಿಯೇ ಒಳಗೆ ಬಂದರು, ಅದು ಬೇರೆ ಮಾತು. ಹಂಡೆಯ ನೀರು ಕಾಯಿಸಿ ಇಟ್ಟವಳು ನಾನೇ, ಯಾರನ್ನೇನು ಅನ್ನಲಿ.

ನಿನ್ನ ಮಗ ಯಜ್ಞೇಶ್ವರನ ಹೆರಿಗೆ ಮಾಡಿಸಿದ ಸೂಲಗಿತ್ತಿ ಉಡಚವ್ವನ ಮಗ ಸೋಮಪ್ಪ ಈಗ ಮುಲ್ಕಿ ಪರೀಕ್ಷೆ ಪಾಸಾಗಿ ಅವರ ಕೇರಿಯ ಸಾಲೆಯಲ್ಲಿ ಮಾಸ್ತರನಾಗಿದ್ದಾನೆ. ಪೇಪರಿನಲ್ಲಿ ಠರಾವು ಓದಿದನಂತೆ. ಹೋದ ಗುರುವಾರ ಮುಂಜಾನೆ ಒಗೆದ ಧೋತರ ಉಟ್ಟು, ಹೆಗಲ ಮೇಲೆ ಹಿತ್ತಾಳೆ ಕೊಡ ಇಟ್ಟುಕೊಂಡು ಒಬ್ಬನೇ ಬಾವಿಗೆ ಬಂದ. ನಾನು ಮಾಳಿಗೆಯ ಮೇಲೆ ಹಪ್ಪಳ ಒಣಹಾಕುತ್ತಿದ್ದೆ. ಅವನು ಹಗ್ಗ ಇಳಿಬಿಟ್ಟದ್ದನ್ನೂ ನೋಡಿದೆ, ಐದಾರು ಮಂದಿ ಬಡಿಗೆ ಹಿಡಿದು ಓಡಿಬಂದದ್ದನ್ನೂ ನೋಡಿದೆ. ಎಲ್ಲರಿಗಿಂತ ಮುಂದೆ ದತ್ತು ಇದ್ದ. ಹೌದು, ನಮ್ಮ ದತ್ತುವೇ, ನಿನ್ನ ಕಾಕಾನ ಮಗ, ನನ್ನ ಕೈಯ ಅನ್ನ ಉಂಡು ಕಾಲೇಜಿಗೆ ಹೋಗುವವನು. ಸೋಮಪ್ಪ ಎಡಗೈ ಅಡ್ಡ ಹಿಡಿದ. ಆ ಕೈ ಮುರಿಯಿತು. ಕೂಗಬೇಕೆಂದು ಎದ್ದೆ, ಮಡಿಲಿನ ಹಪ್ಪಳ ಚೆಲ್ಲಿದವು. ಆಮೇಲೆ ಬಗ್ಗಿ ಕೂತು ಚೆಲ್ಲಿದ ಹಪ್ಪಳ ಆರಿಸಿದೆ.

ಕೊಡ ಉರುಳಿ ನಮ್ಮ ಕಟ್ಟೆಯ ಹತ್ತಿರ ಬಂದು ನಿಂತಿತ್ತು. ಅದರ ಕಂಠದ ಕೆಳಗೆ ‘ಚಿ. ಸೌ. ಮೃಣಾಲಿನಿ’ ಎಂದು ಕೊರೆದಿದೆ. ನಿನ್ನ ಮದುವೆಗೆ ಕೊಟ್ಟ ಕೊಡ ಅದು. ಚೊಚ್ಚಲ ಹೆರಿಗೆಯಲ್ಲಿ ಕೂಸು ಕಾಲು ಮುಂದಾಗಿ ನಿಂತು, ನಾವೆಲ್ಲ ಆಸೆ ಬಿಟ್ಟಾಗ ಉಡಚವ್ವ ಒಳಗೆ ಕೈ ಹಾಕಿ ತಿರುಗಿಸಿ ಇಬ್ಬರನ್ನೂ ಉಳಿಸಿದಳು. ಹತ್ತು ದಿನ ಹೇಗೂ ಬಾಣಂತಿಗೂ ಕೂಸಿಗೂ ಮೈಲಿಗೆ, ಆದ್ದರಿಂದ ಅವಳು ಮುಟ್ಟಬಹುದಿತ್ತು, ಎರೆಯಬಹುದಿತ್ತು. ಹನ್ನೊಂದನೆಯ ದಿನ ಶುದ್ಧಿ ಮಾಡಿಕೊಂಡ ಮೇಲೆ ಹಿತ್ತಲ ಬಾಗಿಲಾಚೆ ನಿಂತಳು. ಬಾಣಂತಿಕೋಣೆಯ ನೀರಿನ ಕೊಡ ಮತ್ತೆ ಮಡಿಗೆ ಬರುವುದು ಬೇಡವೆಂದು ನಾನೇ ಅದನ್ನು ಅವಳ ಮುಂದೆ ನೆಲದ ಮೇಲಿಟ್ಟೆ. ನೀನು ಒಳಗೆ ಮಲಗಿ ನೋಡುತ್ತಿದ್ದೆ. ದಾನ ಮಾಡಿದೆನೆಂದು ಅಂದುಕೊಂಡಿರಬೇಕು ನೀನು. ದಾನವಲ್ಲ ಅದು.

ಪೊಲೀಸ್ ಫೌಜದಾರ ಬಂದಾಗ ದತ್ತು ಹೇಳಿದ್ದು ಇಷ್ಟು: ನಮ್ಮ ಮನೆಯ ಕೊಡ ಕದ್ದು ಒಯ್ಯುತ್ತಿದ್ದ, ಹಿಡಿಯಲು ಹೋದಾಗ ಬಿದ್ದು ಕೈ ಮುರಿದುಕೊಂಡ. ನಿನ್ನ ಅಪ್ಪ ನನ್ನನ್ನು ನಡುಮನೆಗೆ ಕರೆದು ಮೆಲ್ಲಗೆ ಹೇಳಿದರು, “ಕೇಳಿದ್ದಕ್ಕಷ್ಟ ಉತ್ತರಾ ಕೊಡು. ಹೆಚ್ಚಿಗಿ ಒಂದು ಶಬ್ದ ಬ್ಯಾಡ.” ಫೌಜದಾರ ಕೊಡ ಎತ್ತಿ ತೋರಿಸಿ ಇದು ನಿಮ್ಮ ಮನೆಯದೇನು ಎಂದು ಕೇಳಿದ. “ಹೌದ್ರಿ, ನಮ್ಮದ” ಎಂದೆ. ಅವನು ಬರೆದುಕೊಂಡ. ಅದರಲ್ಲಿ ಸುಳ್ಳು ಒಂದಕ್ಷರವೂ ಇಲ್ಲ ಎಂದು ಆ ದಿನವೆಲ್ಲ ನನಗೆ ನಾನೇ ಹೇಳಿಕೊಂಡೆ.

ಸೋಮಪ್ಪ ಕಟ್ಟು ಹಾಕಿದ ಕೈಯಲ್ಲೇ ಫೌಜದಾರ ಕಚೇರಿಯಲ್ಲಿ ಕೈದಾಗಿ ಕೂತಿದ್ದಾನೆ. ಬರುವ ಸೋಮವಾರ ಕೋರ್ಟು. ಕಳವು ಸಾಬೀತಾದರೆ ಜೇಲು, ಮಾಸ್ತರಿಕೆಯೂ ಹೋಯಿತು. ಇವರು ರಾತ್ರಿ ಊಟ ಬಿಟ್ಟಿದ್ದಾರೆ. ಇವರಿಗೆ ಏನೂ ಅನಿಸುವುದಿಲ್ಲವೆಂದು ತಿಳಿಯಬೇಡ. ಆದರೆ ಲೆಕ್ಕವೂ ತಲೆಯಲ್ಲಿದೆ: ದತ್ತುವಿನ ಹೆಸರು ಬಂದರೆ ಅವನ ಜನ್ಮ ಹಾಳು. ಠರಾವಿನಿಂದಲೇ ನಮ್ಮ ಮಠದವರು ಸಿಟ್ಟಾಗಿದ್ದಾರೆ. ಕೇರಿಯವನ ಪರವಾಗಿ ವಕೀಲರ ಹೆಂಡತಿ ಕಟಕಟೆ ಹತ್ತಿದಳೆಂದರೆ ಬಹಿಷ್ಕಾರ ಖಂಡಿತ. ಆಮೇಲೆ ನಿನ್ನ ಕೂಸಿನ ಹೆಸರಿಡಲಿಕ್ಕೆ ಯಾವ ಭಟ್ಟರೂ ನಮ್ಮ ಹೊಸ್ತಿಲು ತುಳಿಯುವುದಿಲ್ಲ, ನಿನ್ನ ಅತ್ತೆಯವರು ನಿನ್ನನ್ನು ತವರಿಗೆ ಕಳಿಸುವುದಿಲ್ಲ. ಇದೆಲ್ಲ ಖರೇ. ನನಗೂ ಇದೇ ಹೆದರಿಕೆ.

ನಿನ್ನೆ ಮಧ್ಯಾಹ್ನ ಉಡಚವ್ವ ಬಂದಿದ್ದಳು. ಹಿತ್ತಲ ಗೋಡೆಯ ಹತ್ತಿರ, ಎಂದಿನ ಜಾಗದಲ್ಲೇ ನಿಂತಳು. ಅತ್ತಿರಲಿಲ್ಲ. “ಅವ್ವಾರ, ಕೊಡಾ ನೀವ ಕೊಟ್ಟದ್ದು. ಅಷ್ಟ ಹೇಳ್ರಿ ಸಾಕು. ಹೊಡದವರ ಹೆಸರು ನಾ ಕೇಳಂಗಿಲ್ಲ” ಎಂದಳು. ಒಳಗೆ ಇವರು ಕೆಮ್ಮಿದ್ದು ಕೇಳಿಸಿತು. ನಾನು ತುಳಸಿಕಟ್ಟೆ ನೋಡುತ್ತ ನಿಂತೆ. ಆಮೇಲೆ ನೀನು ಯಾವಾಗ ಬರುತ್ತೀ ಎಂದು ಕೇಳಿದಳು. ಯಾವ ತಿಂಗಳು, ಕೂಸು ಮೇಲಿದೆಯೋ ಕೆಳಗಿದೆಯೋ ಎಂದೂ ಕೇಳಿದಳು. “ಹೇಳಿ ಕಳಸ್ರಿ, ನಾ ಬರ್ತೇನಿ. ಹೊಟ್ಯಾಗಿನ ಕೂಸಿಗೆ ಏನ ಗೊತ್ತದ ಇದೆಲ್ಲಾ” ಎಂದು ಹೋದಳು. ಬಿಸಿಲಲ್ಲಿ ನಡೆದು ಬಂದವಳಿಗೆ ನೀರು ಬೇಕೇ ಎಂದು ನಾನು ಕೇಳಲಿಲ್ಲ.

ಮಗಳೇ, ಅವಳು ಬೈದಿದ್ದರೆ ನನಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ. ಬರುತ್ತೇನೆ ಎಂದಳಲ್ಲ, ಅದಕ್ಕೇ ಹೆದರಿದೆ. ಮುಚ್ಚಿದ ಬಾಗಿಲ ಹಿಂದೆ ನೀನು ಅವಳ ಕೈಯಲ್ಲಿ ಇರುತ್ತೀ, ಅವಳ ಮಗ ನನ್ನ ಒಂದು ಮಾತಿನಿಂದ ಜೇಲಿನಲ್ಲಿರುತ್ತಾನೆ. ಸತ್ತುಹೋಗುತ್ತಿದ್ದ ನಿನ್ನನ್ನು ಉಳಿಸಿಕೊಟ್ಟ ಕೈಯ ಬಗ್ಗೆ ಇಂಥ ಯೋಚನೆ ಬಂತು ನನಗೆ. ಅದಕ್ಕಾಗಿಯೇ ಬರಬೇಡ ಎಂದು ಬರೆಯಲು ಕೂತೆ.

ಅಷ್ಟೇ ಕಾರಣವೆಂದು ಬರೆದು ಮುಗಿಸಬಹುದಿತ್ತು. ಮುಗಿಸಿದರೆ ಅದೂ ಫೌಜದಾರನಿಗೆ ಕೊಟ್ಟಂಥ ಉತ್ತರವೇ ಆಗುತ್ತದೆ. ಉಡಚವ್ವ ಏನೂ ಮಾಡುವವಳಲ್ಲ, ಅದು ನನಗೆ ಗೊತ್ತು. ನೀನು ಬಂದರೆ ಸುಮ್ಮನಿರುವವಳಲ್ಲ, ಅದು ನನ್ನ ನಿಜವಾದ ಹೆದರಿಕೆ. ಕೊಡ ಕೊಟ್ಟದ್ದನ್ನು ಕಣ್ಣಾರೆ ಕಂಡವರು ಈ ಮನೆಯಲ್ಲಿ ನಾವಿಬ್ಬರೇ. ಒಬ್ಬಳ ಬಾಯಿ ಮುಚ್ಚಿಯಾಯಿತು, ಇನ್ನೊಬ್ಬಳನ್ನು ಬೆಳಗಾವಿಯಲ್ಲೇ ಇರಿಸಲು ಹೊರಟಿದ್ದೆ.

ಇವರು ಕೋರ್ಟಿನಿಂದ ಬರುವ ಹೊತ್ತಾಯಿತು. ಬಳೆಗಾರ್ತಿ ರೆಹಮತ್‌ಬಿ ಕಟ್ಟೆಯ ಮೇಲೆ ಕೂತಿದ್ದಾಳೆ, ಕಾಗದವನ್ನು ಅವಳ ಕೈಯಲ್ಲೇ ಟಪಾಲು ಪೆಟ್ಟಿಗೆಗೆ ಹಾಕಿಸುತ್ತೇನೆ. ಯಜ್ಞೇಶ್ವರನಿಗೆ ಮುತ್ತು. ಮೆಟ್ಟಿಲು ಹತ್ತುವಾಗ ಜೋಪಾನ.

ನಿನ್ನ ಹಾದಿ ಕಾಯುವ,
ಅವ್ವ

ತಾ. ಕ.: ಮೇಲೆ ಈ ಪತ್ರ ಸುಡು ಎಂದು ಬರೆದಿದ್ದೇನೆ. ಸುಡಬೇಡ. ಸೋಮವಾರ ಕೋರ್ಟಿನಲ್ಲಿ ಖರೇ ಹೇಳುತ್ತೇನೆಂದು ಮಾತು ಕೊಡಲು ನನಗೆ ಧೈರ್ಯವಿಲ್ಲ. ಇವರು ಎದುರಿಗೆ ಕೂತು ಒಮ್ಮೆ ಕೆಮ್ಮಿದರೆ ಏನಾಗುತ್ತದೋ ನನಗೇ ಗೊತ್ತಿಲ್ಲ. ಆದ್ದರಿಂದ ನಾಳೆ ಇದು ಕೈಸೇರಿದ ಕೂಡಲೇ, ಯಾರನ್ನೂ ಕೇಳದೆ, ಸೋಮಪ್ಪ ಮಾಸ್ತರನ ವಕೀಲರಿಗೆ, ಧಾರವಾಡ ಕೋರ್ಟಿನ ವಿಳಾಸಕ್ಕೆ, ರಜಿಸ್ಟರ್ ಟಪಾಲಿನಲ್ಲಿ ಕಳಿಸಿಬಿಡು. ‘ಅವ್ವ’ ಎಂಬ ಸಹಿ ಕೋರ್ಟಿನಲ್ಲಿ ನಡೆಯುವುದಿಲ್ಲ. ವಕೀಲರ ಹೆಂಡತಿಯಾಗಿ ಅಷ್ಟು ಕಲಿತಿದ್ದೇನೆ. ಅದಕ್ಕೆ ಕೆಳಗೆ ಬೇರೆ ಸಹಿ ಮಾಡಿದ್ದೇನೆ. ಅಕ್ಷರ ಸೊಟ್ಟಗಾಗಿವೆ, ಆದರೂ ನನ್ನವೇ.

ಕೊಡ ನಾನೇ ಕೊಟ್ಟದ್ದು. ಹೊಡೆದವರನ್ನು ನಾನು ನೋಡಿದ್ದೇನೆ.

ಕಾಶೀಬಾಯಿ ಕೋಂ ತ್ರ್ಯಂಬಕರಾವ ತಡಕೋಡ
ಸಾ. ಧಾರವಾಡ