ಒಡೆದ ಬೀಗಕ್ಕೆ ನೋಟಿಸು, ನಿಂತ ರಕ್ತಕ್ಕೆ ಏನು?

ಆಸ್ಪತ್ರೆಯ ಮಾನ್ಯ ಅಧೀಕ್ಷಕರೇ,

ರಜಾದಿನದಂದು ತಮ್ಮ ಅನುಮತಿಯಿಲ್ಲದೆ ಕೋಣೆಯೊಂದರ ಬೀಗ ಒಡೆದರೆಂದು ಅಪಘಾತ ವಿಭಾಗದ ಶಸ್ತ್ರವೈದ್ಯೆಗೆ ಕಾರಣ ಕೇಳಿ ನೋಟಿಸು ಕೊಟ್ಟಿದ್ದೀರಿ. ಕಾರಣ ನಾನು ಹೇಳುತ್ತೇನೆ. ಆ ಕೋಣೆಯೊಳಗೆ ಬದುಕಿಕೊಂಡವಳು ನನ್ನ ತಂಗಿ.

ನಾವಿಬ್ಬರೂ ಸರದಿಯಲ್ಲಿ ಒಂದೇ ಲಾರಿ ಓಡಿಸುವವರು. ಆ ಭಾನುವಾರ ಮಧ್ಯಾಹ್ನ ಗೋದಾಮಿನಲ್ಲಿ ಲಾರಿ ಹಿಂದಕ್ಕೆ ಜಾರಿ ಅವಳನ್ನು ಗೋಡೆಗೆ ಒತ್ತಿಬಿಟ್ಟಿತು. ಗಾಡಿ ಮುಂದಕ್ಕೆ ತೆಗೆದು, ಅದರಲ್ಲೇ ಮಲಗಿಸಿಕೊಂಡು ತಮ್ಮಲ್ಲಿಗೆ ತಂದೆ. ಮೈಮೇಲೆ ಒಂದು ತೊಟ್ಟು ರಕ್ತವಿರಲಿಲ್ಲ; ಅದೇ ನನಗೆ ಧೈರ್ಯ. ಆದರೆ ಮುಖ ಬೂದಿಬಣ್ಣಕ್ಕೆ ತಿರುಗುತ್ತಿತ್ತು. ವೈದ್ಯೆ ಸೊಂಟಕ್ಕೆ ಬಿಗಿಯಾಗಿ ಪಟ್ಟಿ ಸುತ್ತಿ, ರಕ್ತ ಏರಿಸಿ, ಸ್ಕ್ಯಾನ್ ಮಾಡಿಸಿ ಹೊರಬಂದರು.

"ಸೊಂಟದ ಮೂಳೆ ಒಡೆದಿದೆ. ಒಳಗೆ ರಕ್ತನಾಳ ಹರಿದು ಸೋರ್ತಾ ಇದೆ. ಕೊಯ್ದು ಹುಡುಕೋಕೆ ಹೋದ್ರೆ ಇನ್ನೂ ಜಾಸ್ತಿ ಆಗುತ್ತೆ. ತೊಡೆಸಂದಿಯಿಂದ ಸಣ್ಣ ನಳಿಕೆ ಬಿಟ್ಟು, ಒಳಗಿಂದಾನೇ ಆ ನಾಳ ಮುಚ್ಚಬೇಕು."

"ಮುಚ್ಚಿ ಡಾಕ್ಟ್ರೇ, ಇನ್ನೇನು ಕಾಯ್ತಿದೀರಿ?"

"ಕೀಲಿ," ಎಂದರು.

ಅದಕ್ಕೆ ಬೇಕಾದ ಯಂತ್ರ ಆ ಬೀಗ ಹಾಕಿದ ಕೋಣೆಯೊಳಗಿತ್ತು. ಆ ಕೆಲಸ ಬಲ್ಲ ವೈದ್ಯರು ಊಟ ಬಿಟ್ಟೆದ್ದು ಬಂದು ಬಾಗಿಲಲ್ಲಿ ನಿಂತಿದ್ದರು. ಕೀಲಿ ಮಾತ್ರ ತಮ್ಮ ಕಚೇರಿಯಲ್ಲಿ, ಕಚೇರಿಗೆ ರಜೆ. ತಮ್ಮ ಫೋನು ರಿಂಗಾಗುತ್ತಲೇ ಇತ್ತು. ಭಾನುವಾರ ಹರಿಯಕೂಡದೆಂದು ರಕ್ತನಾಳಗಳಿಗೆ ಸುತ್ತೋಲೆ ಹೊರಡಿಸಲು ಮರೆತಿದ್ದಿರೇ? ಏರಿಸಿದ ರಕ್ತವೆಲ್ಲ ಒಳಗೇ ಸುರಿದುಹೋಗುತ್ತಿತ್ತು. ನರ್ಸ್ ಓದಿ ಹೇಳುತ್ತಿದ್ದ ರಕ್ತದೊತ್ತಡ ಪ್ರತಿ ಸಲವೂ ಇಳಿಯುತ್ತಿತ್ತು. ನನ್ನ ಕೈ ಹಿಡಿದಿದ್ದ ತಂಗಿಯ ಬೆರಳು ಸಡಿಲವಾದವು.

"ಒಡೆಯೋಕೆ ಏನಾದ್ರೂ ಇದ್ಯಾ?" ವೈದ್ಯೆ ನನ್ನನ್ನೇ ಕೇಳಿದರು. ಓಡಿಹೋಗಿ ಲಾರಿಯಿಂದ ಜಾಕ್ ರಾಡ್ ತಂದೆ. ನಾನೇ ಎತ್ತಿದೆ.

"ಕೊಡಿ ಇಲ್ಲಿ. ಏನಾದ್ರೂ ಬಂದ್ರೆ ನನ್ನ ಮೇಲೆ ಬರ್ಲಿ," ಎಂದು ಕಸಿದುಕೊಂಡು ಅವರೇ ಹೊಡೆದರು.

ಆಮೇಲೆ ನನಗೆ ಪರದೆಯಲ್ಲಿ ತೋರಿಸಿದರು. ನಾಳಕ್ಕೆ ಬಿಟ್ಟ ಬಣ್ಣ ಮೊದಲು ಹೊಗೆಯಂತೆ ಹೊರಚೆಲ್ಲುತ್ತಿತ್ತು. ಕೂದಲೆಳೆಯಂಥ ಲೋಹದ ಸುರುಳಿಗಳನ್ನು ಕೂರಿಸಿದ ಮೇಲೆ ಅಲ್ಲಿಗೇ ನಿಂತಿತು. ಮರುದಿನ ಕಣ್ಣುಬಿಟ್ಟ ತಂಗಿ, "ಹ್ಯಾಂಡ್‌ಬ್ರೇಕ್ ಹಾಕಿದ್ದೆ ಕಣೋ ಅಣ್ಣ, ನನ್ನ ತಪ್ಪಲ್ಲ," ಎಂದು ಜಗಳ ತೆಗೆದಳು. ಆ ಜಗಳ ಇನ್ನೂ ಮುಗಿದಿಲ್ಲ, ಮುಗಿಯುವುದೂ ಬೇಡ.

ಅಧೀಕ್ಷಕರೇ, ಆ ನೋಟಿಸನ್ನು ಹಿಂದಕ್ಕೆ ಪಡೆಯಿರಿ. ಆ ಕೋಣೆಯನ್ನೂ ಅದನ್ನು ನಡೆಸುವವರನ್ನೂ ಎಲ್ಲ ದಿನವೂ ಸಜ್ಜಾಗಿಡಿ. ಯಾರನ್ನಾದರೂ ವಿಚಾರಿಸಲೇಬೇಕೆಂದರೆ, ಫೋನು ಎತ್ತದವರಿಂದ ಆರಂಭಿಸಿ. ಆದರೆ ಬೇಗ. ಇವತ್ತು ಶನಿವಾರ, ಮತ್ತು ಆ ಬಾಗಿಲಿಗೆ ಮೊದಲಿನದಕ್ಕಿಂತ ದಪ್ಪನೆಯ ಬೀಗ ಬಿದ್ದಿದೆ.

ಇಂತಿ,
ರಾಡ್ ತಂದುಕೊಟ್ಟರೂ ನೋಟಿಸಿಗೆ ಯೋಗ್ಯನೆನಿಸದ ಲಾರಿ ಚಾಲಕ