ಏಳನೆಯ ಅಧ್ಯಾಯ ತಿಳಿಯಿತು ಎಂದೆ

ಫೆಬ್ರವರಿ 3, ಶನಿವಾರ

ಮಾತ್ರೆ, ಗಂಜಿ, ಆಮೇಲೆ ಆರನೆಯ ಅಧ್ಯಾಯ. ಇವರು ಮಲಗಿದಲ್ಲೇ ಹೇಳುವುದು, ನಾನು ಬರೆಯುವುದು, ಓದಿ ‘ತಿಳೀತು’ ಅಥವಾ ‘ತಿಳೀಲಿಲ್ಲ’ ಎನ್ನುವುದು. ಜಯನಗರದ ಕಾಲೇಜಿನಲ್ಲಿ ಮೂವತ್ತು ವರ್ಷ ಫಿಸಿಕ್ಸ್ ಪಾಠ ಮಾಡಿದವರು. ಈಗ ವಿಶ್ವದ ಬಗ್ಗೆ ಪುಸ್ತಕ, ಎಲ್ಲರಿಗೂ ಅರ್ಥವಾಗುವ ಕನ್ನಡದಲ್ಲಿ. ಎಲ್ಲರೂ ಎಂದರೆ ನಾನು! ಬ್ಲೌಸ್ ಹೊಲಿಯುವ, ಎಸ್ಸೆಸ್ಸೆಲ್ಸಿ ಪಾಸಾದ ಉಮಾಮಹೇಶ್ವರಿ.

‘ನಿನಗೆ ತಿಳೀದಿದ್ರೆ ತಪ್ಪು ನಂದು ಕಣೆ, ಹರಿದು ಹಾಕು.’

ಧಾರಾಳವಾಗಿ ಹರಿದಿದ್ದೇನೆ.

ಗೆಲಾಕ್ಸಿಗಳು ಓಡುತ್ತಿಲ್ಲ, ನಡುವಿನ ಜಾಗವೇ ಹಿಗ್ಗುತ್ತಿದೆಯಂತೆ. ತಲೆಗೆ ಹತ್ತಲಿಲ್ಲ. ಲಂಗದ ಎಲಾಸ್ಟಿಕ್ ಮೇಲೆ ಪೆನ್ನಿನಿಂದ ಚುಕ್ಕಿ ಇಟ್ಟು ಎಳೆದು, ‘ಹೀಗೇನ್ರೀ?’ ಎಂದೆ. ದೂರದ ಚುಕ್ಕಿ ಹೆಚ್ಚು ದೂರ ಸರಿಯಿತು. ‘ಭೇಷ್!’ ಎಂದು ನಕ್ಕರು. ನಕ್ಕಿದ್ದಕ್ಕೆ ಹತ್ತು ನಿಮಿಷ ಕೆಮ್ಮು...

ಫೆಬ್ರವರಿ 19

ಡಾಕ್ಟರ್ ಶಾಂತಲಾ ನನ್ನನ್ನು ಹೊರಗೆ ಕರೆದು ಹೇಳಿದರು. ಶ್ವಾಸಕೋಶ ಇನ್ನು ಸುಧಾರಿಸುವುದಿಲ್ಲ. ಕೆಲವೇ ವಾರ. ಇವರಿಗೂ ಗೊತ್ತು. ಆಟೋದಲ್ಲಿ ಕೇಳಿದ್ದು ಒಂದೇ — ‘ಏಳನೇದು ಮುಗಿಯುತ್ತಾ?’ ಅದೇ ಕೊನೆಯ ಅಧ್ಯಾಯ.

ಫೆಬ್ರವರಿ 27, ಸಂಜೆ 5

ಮುಗಿಯಿತು. ಆಕ್ಸಿಜನ್ ಮಾಸ್ಕ್ ಸರಿಸಿ ಸರಿಸಿ ಎರಡು ಗಂಟೆ ಹೇಳಿದರು. ಹಿಗ್ಗುವ ವೇಗವೇ ಏರುತ್ತಿದೆಯಂತೆ. ಕಾರಣಕ್ಕೆ ಡಾರ್ಕ್ ಎನರ್ಜಿ ಎಂದು ಹೆಸರಿಟ್ಟಿದ್ದಾರೆ, ಏನೆಂದು ಯಾರಿಗೂ ಗೊತ್ತಿಲ್ಲ. ಬಹುದೂರದ ಗೆಲಾಕ್ಸಿಯಿಂದ ಇವತ್ತು ಹೊರಟ ಬೆಳಕು ನಮ್ಮನ್ನು ಎಂದೂ ತಲುಪುವುದಿಲ್ಲ. ಆದರೂ ಆ ಗೆಲಾಕ್ಸಿ ಕಾಣುತ್ತಲೇ ಇರುತ್ತದೆ! ಅದು ಹೇಗೆ? ಒಂದಕ್ಷರ ತಿಳಿಯಲಿಲ್ಲ.

‘ತಿಳೀತಾ?’

ತುಟಿ ನೀಲಿಗಟ್ಟಿತ್ತು. ಮತ್ತೆ ಹೇಳಿಸಲು ಮನಸ್ಸಾಗಲಿಲ್ಲ.

‘ತಿಳೀತು ರೀ. ಚೆನ್ನಾಗಿ ತಿಳೀತು.’

ಮದುವೆಯಾದ ಮೇಲೆ ಇವರಿಗೆ ಹೇಳಿದ ದೊಡ್ಡ ಸುಳ್ಳು.

ಮಾರ್ಚ್ 2, ಆಸ್ಪತ್ರೆ

ಮಧ್ಯಾಹ್ನ ಎಚ್ಚರವಾದಾಗ — ‘ಉಮಾ, ಏಳನೇದು ನೀನು ಹೇಳು. ನಾನು ಕೇಳ್ತೀನಿ.’

‘ಬೆಳಕು...’ ಎಂದೆ. ಮುಂದೆ ಬಾಯಿ ಕಟ್ಟಿತು. ನನ್ನ ಮುಖವನ್ನೇ ನೋಡಿದರು. ಬೈಯಲಿಲ್ಲ.

‘ಆವತ್ತೇ ಹೇಳ್ಬಾರ್ದಿತ್ತೇನೇ? ಆವತ್ತು ಇನ್ನೂ ಉಸಿರಿತ್ತು.’

ಥೂ, ನನ್ನ ಜನ್ಮಕ್ಕಿಷ್ಟು!

ಮಾರ್ಚ್ 30

ಇವರು ಹೋಗಿ ಇಪ್ಪತ್ತಾರು ದಿನ. ಪ್ರಕಾಶನದ ಕೈಲಾಸ್ ಫೋನ್ ಮಾಡಿದ್ದರು. ‘ಮೇಡಂ, ಏಳನೇ ಅಧ್ಯಾಯ ನಮಗ್ಯಾರಿಗೂ ಅರ್ಥ ಆಗ್ತಿಲ್ಲ. ಸಾರ್ ಇದ್ದಿದ್ರೆ ಕೇಳ್ಬಹುದಿತ್ತು. ಆರಕ್ಕೇ ನಿಲ್ಸೋಣ್ವಾ?’

‘ಬೇಡಪ್ಪಾ. ಒಂದು ವಾರ ಕೊಡಿ, ನಾನೇ ಬರೀತೀನಿ.’

ಫೋನ್ ಇಟ್ಟೆ. ಎಂಥ ಧೈರ್ಯ ನನ್ನದು! ಬೇರೆ ದಾರಿಯೂ ಇಲ್ಲ. ನನ್ನ ಒಂದು ಮಾತಿನಿಂದ ಇವರ ಕೊನೆಯ ಕೆಲಸ ಕೆಟ್ಟಿದೆ.

ಏಪ್ರಿಲ್ 5, ಬೆಳಿಗ್ಗೆ 7

ಹನ್ನೊಂದು ಸಲ ಬರೆದು ಹರಿದೆ. ಈಗ, ಕಾಫಿ ಆರುತ್ತಿರುವಾಗ, ಹೊಳೆಯಿತು. ಹಿಂದೆ ಯಾವಾಗಲೋ ಹೊರಟ ಬೆಳಕು ಇನ್ನೂ ದಾರಿಯಲ್ಲಿದೆ. ಅದು ಬರುತ್ತಿರುತ್ತದೆ, ಅದಕ್ಕೇ ಕಾಣುವುದು. ಇವತ್ತು ಹೊರಟದ್ದಕ್ಕೆ ಮಾತ್ರ ಎಷ್ಟು ಬಂದರೂ ದಾರಿ ಅದಕ್ಕಿಂತ ಬೇಗ ಉದ್ದವಾಗುತ್ತದೆ. ಇಷ್ಟೇ! ತಿಳಿಯಿತು. ಈ ಸಲ ಸುಳ್ಳಲ್ಲ, ನಿಜವಾಗಿ ತಿಳಿಯಿತು.

ಖುಷಿಗೆ ಹಾಳೆ ಹಿಡಿದು ಎದ್ದೆ, ಓದಿ ಹೇಳೋಣವೆಂದು. ಇವರ ಕೋಣೆಯ ಬಾಗಿಲವರೆಗೂ ಹೋಗಿ ನಿಂತೆ. ಮಂಚ ಖಾಲಿ.